ಮಗ್ಗ ನಿಂತ ದಿನ ಬಂದ ರೊಟ್ಟಿ

ಇದನ್ನು ಅಣ್ಣ ಹೇಳುವ ರೀತಿ ಬೇರೆ, ಅವ್ವ ಹೇಳುವ ರೀತಿ ಬೇರೆ. ಅಣ್ಣ ಹೇಳುವಾಗ ಎಲ್ಲವೂ ಅರ್ಧ ಗಂಟೆಯಲ್ಲಿ ಮುಗಿದು, ಕೊನೆಗೆ ವೈನಿ, ಅಂದರೆ ಅವನ ಹೆಂಡತಿ, ನಕ್ಕುಬಿಡುತ್ತಾಳೆ. ಅವಳು ನಕ್ಕಿದ್ದು ನನಗೆ ನೆನಪಿಲ್ಲ. ನಾನು ಅಲ್ಲೇ ಬಾಗಿಲ ಬಳಿ ಇದ್ದೆ. ಹಾಗೆಂದು ನನ್ನ ನೆನಪನ್ನೂ ಪೂರ್ತಿ ನಂಬಬೇಡಿ.

ನನ್ನ ತವರುಮನೆ ಬನಹಟ್ಟಿಯಲ್ಲಿ. ಮುಂದಿನ ಖೋಲಿಯಲ್ಲಿ ಅಣ್ಣನ ಪವರ್‌ಲೂಮ್ ಮಗ್ಗಗಳು, ಹಿಂದೆ ಅಡುಗೆಮನೆ. ಆ ಖಟಖಟದಲ್ಲೇ ನಾವು ಉಂಡೆವು, ಓದಿದೆವು, ಜಗಳಾಡಿದೆವು. ತುಟಿ ನೋಡಿ ಮಾತು ಹಿಡಿಯಲು ಬಾರದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ನಾನು ಮದುವೆಯಾಗಿ ಮುಧೋಳಕ್ಕೆ ಹೋದ ಹೊಸದರಲ್ಲಿ ಎಲ್ಲರ ಬಾಯನ್ನೇ ನೋಡುತ್ತಿದ್ದೆನಂತೆ. 'ಸೊಸಿಗೆ ಕಿವಿ ಮಂದ ಅದಾವೇನು?' ಎಂದು ಅತ್ತೆ ಗಾಬರಿಯಾಗಿದ್ದರು.

ವೈನಿ ತೇರದಾಳದವಳು. ಅವಳ ತಾಯಿ ತೀರಿಕೊಂಡಾಗ ಊರಿಗೆ ಹೋಗಿ, ದಿನಕರ್ಮ ಮುಗಿಸಿ ಬಂದು, ಮರುದಿನವೇ ಕಂಡಿಕೆ ಸುತ್ತಲು ಕೂತಳು. ಲಾಳಿಯೊಳಗೆ ಹಾಕುವ ಸಣ್ಣ ಕೋಲಿಗೆ ನೂಲು ಸುತ್ತುವ ಕೆಲಸ ಅದು. ಗಟ್ಟಿ ಹೆಣ್ಣುಮಗಳು ಎಂದು ಓಣಿಯೇ ಹೊಗಳಿತು. ವರ್ಷ ಕಳೆದ ಮೇಲೆ, ಎಲ್ಲರೂ ಮರೆತಿದ್ದಾಗ, ಆ ಗಟ್ಟಿ ಹೆಣ್ಣುಮಗಳು ಊಟ ಬಿಟ್ಟಳು. ತಲೆ ಬಾಚಿಕೊಳ್ಳುವುದನ್ನು ಬಿಟ್ಟಳು. ಹಾಸಿಗೆ ಬಿಟ್ಟು ಏಳುವುದೇ ದೊಡ್ಡ ಕೆಲಸವಾಯಿತು. ಜಮಖಂಡಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಇದು ಹಿಡಿಯಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಅಷ್ಟಿಷ್ಟಾದರೂ ಉಣ್ಣಿಸಿ ಎಂದರಂತೆ. ಅಣ್ಣ ಫೋನ್ ಮಾಡಿದ, ನಾನು ಬಸ್ಸು ಹತ್ತಿ ಬಂದೆ. ವೈನಿ ನನ್ನನ್ನು ನೋಡಿ 'ಬಂದಿ?' ಎಂದು ಮತ್ತೆ ಗೋಡೆಗೆ ಮುಖ ತಿರುಗಿಸಿದಳು.

ಕೆಲವು ವಾರ ಕಾಯುವುದು ಅಣ್ಣನಿಂದ ಆಗುವ ಮಾತಲ್ಲ.

"ಈ ಗದ್ದಲದಾಗ ಛಲೋ ಇದ್ದವರ ತಲಿನೂ ಕೆಡ್ತೈತಿ. ಆಕಿ ಆರಾಮ ಆಗೋತನಕ ಮಗ್ಗ ಬಂದ್" ಎಂದ.

"ಬಂದ್ ಮಾಡಿ ನೀ ಏನ್ ಮಾಡಾಂವ? ಕುಂತು ಆಕಿ ಮಾರಿ ನೋಡಾಂವೇನು?" ಎಂದಳು ಅವ್ವ.

"ನೋಡ್ತೇನಿ. ನನ್ನ ಹೇಂತಿ ಮಾರಿ ನಾ ನೋಡಬಾರ್ದೇನು?"

ಮಗ್ಗಗಳು ನಿಂತವು. ಆ ಮನೆಯಲ್ಲಿ ಗಡಿಯಾರಕ್ಕೆ ಸದ್ದಿದೆ ಎಂದು ನನಗೆ ಮೊದಲ ಬಾರಿ ಗೊತ್ತಾಯಿತು. ಅವ್ವ ಚಹಾ ಕುಡಿಯುವ ಸದ್ದು ಇಡೀ ಮನೆಗೆ ಕೇಳುತ್ತಿತ್ತು. ವೈನಿಯ ಉಸಿರು ಸ್ವಲ್ಪ ಎಳೆದರೂ ನಾವು ಮೂವರೂ ತಲೆ ಎತ್ತುತ್ತಿದ್ದೆವು. ನೀರು ಕೊಡಲೇ ಎಂದು ಅಣ್ಣ, ಫ್ಯಾನು ಹಚ್ಚಲೇ ಎಂದು ಅವ್ವ, ಕಾಲು ಒತ್ತಲೇ ಎಂದು ನಾನು. ಪ್ರೀತಿಯಿಂದಲೇ ಕೇಳುತ್ತಿದ್ದೆವು. ಅವಳು ಇನ್ನಷ್ಟು ಮುದುಡುತ್ತಿದ್ದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕುಡಿಯುತ್ತಿದ್ದ ಅಷ್ಟು ಗಂಜಿಯನ್ನೂ ಬಿಟ್ಟಳು. ಅಣ್ಣನ ಮುಖದಲ್ಲಿ ನಾನು ಹೆದರಿಕೆ ನೋಡಿದ್ದು ಆಗಲೇ.

ನಮ್ಮ ಓಣಿಯಲ್ಲಿ ಅಮಾವಾಸ್ಯೆಯ ರಜೆಯಲ್ಲದ ದಿನ, ಕರೆಂಟು ಇದ್ದೂ ಒಂದು ಮನೆಯ ಮಗ್ಗ ನಿಂತರೆ ಒಂದೇ ಅರ್ಥ. ಅಂಥ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಅಕ್ಕಪಕ್ಕದವರು ರೊಟ್ಟಿ ಒಯ್ದು ಉಣ್ಣಿಸುತ್ತಾರೆ. ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಅದೇ ಹೊತ್ತಿಗೆ ಎದುರುಮನೆಯ ಕಾಕು ರೊಟ್ಟಿ, ಕಡಲೆಹಿಟ್ಟಿನ ಜುಣಕ ಅರಿವೆಯಲ್ಲಿ ಕಟ್ಟಿಕೊಂಡು, ಸೆರಗು ಬಾಯಿಗೆ ಹಿಡಿದು ಬಾಗಿಲಲ್ಲಿ ನಿಂತಳು.

"ಯಾರ್ ಹೋದ್ರಬೇ?"

"ನಿನ್ನ ಬಾಯಾಗ ಮಣ್ಣ ಹಾಕ್ಲಿ! ಯಾರೂ ಹೋಗಿಲ್ಲ" ಎಂದಳು ಅವ್ವ.

"ಮತ್ತ ಮಗ್ಗ ಯಾಕ ನಿಂತಾವು? ಖರೆ ಹೇಳ್ತೇನಿ, ನೀನ ಹೋದಿ ಅಂತ ಮಾಡಿದ್ದೆ."

"ನಾ ಹೋಗಬೇಕಂದ್ರ ನಿನ್ನ ಕಲ್ಲಿನಂಥಾ ರೊಟ್ಟಿ ತಿಂದ ಹೋಗಬೇಕು. ಒಯ್ ವಾಪಸ್."

"ಇಂಥಾ ರೊಟ್ಟಿ ತಿರುಗಿ ಮನಿ ಒಳಗ ಒಯ್ಯಾಕ ಬರಂಗಿಲ್ಲ, ನಿನಗ ಗೊತ್ತಿಲ್ಲೇನು? ಈಗ ಇದನ್ನ ಯಾರಿಗೆ ಉಣಸ್ಲಿ?"

ಒಳಗಿಂದ ವೈನಿ ಹೇಳಿದಳು: "ನಮ್ಮವ್ವ ಹೋಗ್ಯಾಳರಿ, ಕಾಕು."

ಅದು ಹೋದ ವರ್ಷದ ಮಾತಲ್ಲವೇ ಎಂದು ಕಾಕು ಕೇಳಬಹುದಿತ್ತು. ಕೇಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಹಾಸಿಗೆಯ ಪಕ್ಕ ಕೂತು, ಗಂಟು ಬಿಚ್ಚಿ ರೊಟ್ಟಿ ಮುರಿದಳು. "ಉಣ್ಣವಾ. ಇನ್ನೂ ಬಿಸಿ ಐತಿ." ವೈನಿ ಎದ್ದು ಕೂತಳು. ಅಳುತ್ತ ತಿಂದಳು. ಒಂದು ತಿಂದಳು ಎಂದು ಅವ್ವ, ಎರಡು ಎಂದು ಅಣ್ಣ. ಗಂಟು ಖಾಲಿ ಮಾಡಿದಳು ಎಂದು ಕಾಕು ಓಣಿಗೆಲ್ಲ ಹೇಳಿಕೊಂಡು ಬಂದಳು.

ಅವಳ ತಾಯಿ ಸತ್ತಾಗ ನಮ್ಮ ಮಗ್ಗಗಳು ನಿಂತಿರಲಿಲ್ಲ. ಓಣಿಯ ರೊಟ್ಟಿ ಈ ಹೊಸ್ತಿಲಿಗೆ ಬಂದಿರಲಿಲ್ಲ. ಸಾವು ತೇರದಾಳದ್ದಾಗಿತ್ತು, ಇಲ್ಲಿಯದಾಗಿರಲಿಲ್ಲ. ಇದು ನನಗೆ ಆಗಲೇ ಹೊಳೆಯಿತೋ, ಈಗ ಬರೆಯುವಾಗ ಹೊಳೆಯುತ್ತಿದೆಯೋ, ಹೇಳಲಾರೆ.

ಕೈ ತೊಳೆದುಕೊಂಡು ವೈನಿ ಅಣ್ಣನಿಗೆ ಹೇಳಿದಳು: "ಮಗ್ಗ ಚಾಲೂ ಮಾಡ್ರಿ."

"ಗದ್ದಲ ಆಗ್ತೈತಿ."

"ಆಗ್ಲಿ. ಹಿಂಗ ಎಲ್ಲಾ ಸುಮ್ನಾದ್ರ ನಾ ಎಲ್ಲಿ ಅಳ್ಲಿ? ಮೂರೂ ಮಂದಿ ಕಿವಿ ಹಚ್ಚಿ ಕುಂತಿರ್ತೀರಿ."

ವರ್ಷವಿಡೀ ಅವಳು ಮಗ್ಗದ ಖೋಲಿಯಲ್ಲಿ ಕಂಡಿಕೆ ಸುತ್ತುತ್ತಿದ್ದುದು ಗೋಡೆಗೆ ಮುಖ ಮಾಡಿ. ಅಲ್ಲಿ ಬೆಳಕು ಚೆನ್ನಾಗಿದೆ ಎಂದುಕೊಂಡಿದ್ದೆವು. ಖಟಖಟದಲ್ಲಿ ದನಿ ಯಾರಿಗೂ ಕೇಳುವುದಿಲ್ಲ, ಗೋಡೆಗೆ ತಿರುಗಿದರೆ ತುಟಿಯೂ ಕಾಣುವುದಿಲ್ಲ. ಮನೆ ತುಂಬ ಜನರಿರುವಲ್ಲಿ ಅವಳು ತನಗೊಂದು ಖೋಲಿ ಮಾಡಿಕೊಂಡಿದ್ದಳು. ನಾವು ಅದರ ಗೋಡೆಗಳನ್ನೇ ಕೆಡವಿ, ಆರಾಮ ಮಾಡು ಎಂದಿದ್ದೆವು.

ಆ ರೊಟ್ಟಿಯಿಂದ ಅವಳು ಗುಣವಾದಳು ಎಂದು ಬರೆಯಲು ನನಗೆ ಇಷ್ಟವೇ. ಆದರೆ ಗುಳಿಗೆ ಇನ್ನೂ ನಡೆದಿದೆ. ಜಮಖಂಡಿಗೆ ಅಣ್ಣ ಜೊತೆಗೆ ಹೋಗುತ್ತಾನೆ, ಬರುವಾಗ ಇಬ್ಬರೂ ಮಿರ್ಚಿ ಭಜಿ ತಿಂದು ಬರುತ್ತಾರೆ. ಕೆಲವು ದಿನ ಅವಳು ಏಳುವುದೇ ಇಲ್ಲ. ಎದ್ದ ದಿನ ಕಂಡಿಕೆಗೆ ಕೂರುತ್ತಾಳೆ.

ಮೊನ್ನೆ ಹೋದಾಗ ಒಂದು ಹೊಸ ರೂಢಿ ನೋಡಿದೆ. ಮಗ್ಗದ ಖೋಲಿಗೆ ಹೋಗುವ ಮೊದಲು ಅವ್ವ ಬಾಗಿಲಲ್ಲಿ ನಿಂತು ಲೈಟು ಆರಿಸಿ ಮತ್ತೆ ಹೊತ್ತಿಸುತ್ತಾಳೆ. ಬಾಗಿಲು ಬಡಿದರೆ ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಲೈಟು ಹೋಗಿ ಬಂದ ಮೇಲೆ ಅವ್ವ ತುಸು ಹೊತ್ತು ಅಲ್ಲೇ, ಸೀರೆಯ ನೆರಿಗೆ ಸರಿಮಾಡಿಕೊಳ್ಳುವವಳಂತೆ ನಿಲ್ಲುತ್ತಾಳೆ. ಈ ಬಗ್ಗೆ ಅತ್ತೆ ಸೊಸೆ ಮಾತಾಡಿಕೊಂಡಂತಿಲ್ಲ.

ಸಂಜೆ ಚಹಾ ಒಯ್ದಾಗ ನಾನೂ ಸ್ವಿಚ್ಚು ಒತ್ತಿ ಕಾದೆ. ವೈನಿ ಸೆರಗಿನಿಂದ ಮುಖ ಒರೆಸಿಕೊಂಡು, ನಿಧಾನವಾಗಿ ನನ್ನ ಕಡೆ ತಿರುಗಿದಳು. ಅವಳ ತುಟಿ ಕೇಳಿತು: "ಸಕ್ಕರಿ ಹಾಕಿಯೋ ಇಲ್ಲೋ?"