ಎತ್ತಿನ ಕಾಲಿನ ಮಂಜು

ಗೆಳೆಯರೇ, ಮಧ್ಯಾಹ್ನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಸಂಪಗಾಂವದ ನಮ್ಮ ಮನೆಯಲ್ಲೊಂದು ಹಳೆಯ ತೈಲಚಿತ್ರವಿದೆ: ಹೊಲದಲ್ಲಿ ನಿಂತ ಜೋಡೆತ್ತು. ಬರೆದವರು ಯಾರೆಂದು ಹೇಳಲು ಇಂದು ಧಾರವಾಡದಿಂದ ತಜ್ಞರೊಬ್ಬರು ಬಂದಿದ್ದರು. ಸಹಿ ಎಲ್ಲೂ ಕಾಣಲಿಲ್ಲ. ಭೂತಗನ್ನಡಿ ಹಿಡಿದು ಎತ್ತಿನ ಕಾಲ ಬಳಿ ಬಗ್ಗಿದವರು, “ಏನ್ ಮಂಜ್ರೀ ಇದು! ಮುಂಬೈದಾಗ ಕಲತವರು ಅಷ್ಟ ಹಿಂಗ ಬರೀತಾರ” ಎಂದರು.

ಚಹಾ ತಂದ ಸೋದರತ್ತೆ ನಕ್ಕುಬಿಟ್ಟಳು. “ಮಂಜಲ್ರೀ ಅದು. ವರ್ಷಾ ವರ್ಷಾ ಮಣ್ಣೆತ್ತಿನ ಅಮಾಸಿಗೆ ಮಣ್ಣಿನ ಎತ್ತಿನ ಕೂಡ ಈ ಚಿತ್ರದಾಗಿನ ಎತ್ತಿಗೂ ಪೂಜಿ ಮಾಡತೇವಿ. ಅದಕ್ಕೂ ಮದಲ ಕಾಲ ತಿಕ್ಕಿ ತೊಳೀತೇನಿ. ಅಲ್ಲೆ ಕರ್ರಗ ಏನೋ ಅಕ್ಷರ ಗೀಚಿದ್ರು, ಅವೂ ಹೋದ್ವು, ಛಲೋ ಆತು.”

ತಜ್ಞರು ಭೂತಗನ್ನಡಿಯನ್ನು ಕಿಸೆಗಿಟ್ಟುಕೊಂಡು ಚಹಾ ಕುಡಿದು ಹೊರಟರು. ಎತ್ತು ಯಾರು ಬರೆದರೋ ಇನ್ನು ತಿಳಿಯುವುದಿಲ್ಲ. ಮಂಜು ಮಾತ್ರ ನಮ್ಮ ಅತ್ತೆಯದೇ, ಖಾತ್ರಿಯಾಗಿದೆ.