ಡಬ್ಬಿಯಕ್ಕನ ಪಕ್ಕದ ಸೀಟು

ವಿಮಾನ ನಿಲ್ದಾಣದಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಬಾಗಿಲು ಕಾಯುವ ಪೊಲೀಸಿನವನಿಂದ ಹಿಡಿದು ನೆಲ ಒರೆಸುವ ಹೆಂಗಸಿನವರೆಗೆ ಎಲ್ಲರಿಗೂ ಅವಳು ಡಬ್ಬಿಯಕ್ಕ. ಕೈಯಲ್ಲಿ ಸದಾ ಒಂದು ಬಿಳಿ ಡಬ್ಬಿ, ಅದರೊಳಗೆ ಐಸು, ಐಸಿನ ನಡುವೆ ಎರಡು ಪುಟ್ಟ ಬಾಟಲಿ, ಬಾಟಲಿಯೊಳಗೆ ಕಣ್ಣು. ಅವಳ ಕೆಲಸ ನೇತ್ರ ಬ್ಯಾಂಕಿನಲ್ಲಿ. ಈ ಊರಿನಲ್ಲಿ ಸತ್ತವರು ಬಿಟ್ಟುಹೋದ ಕಣ್ಣನ್ನು ಆ ಊರಿನ ದೊಡ್ಡಾಸ್ಪತ್ರೆಗೆ ಮುಟ್ಟಿಸಬೇಕು. ಒಂದು ಸಲ ವಿಮಾನ ಹತ್ತಿದವರು ವರ್ಷವಿಡೀ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಡಬ್ಬಿಯಕ್ಕ ಮಾತ್ರ ತರಕಾರಿ ತರಲು ಹೋದಷ್ಟು ಸಲೀಸಾಗಿ ವಾರಕ್ಕೆರಡು ಸಲ ಆಕಾಶಕ್ಕೆ ಹೋಗಿ ಬರುತ್ತಿದ್ದಳು.

ಆಗ ಸರ್ಕಾರ ಒಂದೇ, ಅದರ ವಿಮಾನ ಕಂಪನಿ ಎರಡು. ಬಾಲಕ್ಕೆ ಬಳಿದ ಬಣ್ಣ ನೋಡಿ ಜನ ಒಂದನ್ನು ಹಸಿರು ಬಾಲ, ಇನ್ನೊಂದನ್ನು ಕೆಂಪು ಬಾಲ ಎನ್ನುತ್ತಿದ್ದರು. ಒಂದೇ ಮನೆಯ ಕೂಸುಗಳು, ಆದರೆ ಹಾವು ಮುಂಗುಸಿ. ಹಸಿರು ಬಾಲ ಹಳೆಯದು. ಅದರ ಸೀಟು ಮೆತ್ತಗೆ, ಅದು ಹೊರಡುವುದು ಮನಸ್ಸು ಬಂದಾಗ, ಅದರಲ್ಲಿ ಬಡಿಸುವವರೆಲ್ಲ ತಲೆ ನರೆತ ಹೆಂಗಸರು. ಕೆಂಪು ಬಾಲ ಆಮೇಲೆ ಬಂದದ್ದು. ಹೇಳಿದ ಹೊತ್ತಿಗೆ ಹೊರಡುತ್ತಿತ್ತು, ನಗುವನ್ನೂ ಅಳೆದು ಕೊಡುತ್ತಿತ್ತು. ಹಸಿರಿನವರು ಬಿಸ್ಕತ್ತು ಹಂಚಿದರೆ ಮರುವಾರ ಕೆಂಪಿನವರು ಕೇಕು ಹಂಚಲೇಬೇಕು. ಒಬ್ಬರ ಮನೆಯ ಬೆಕ್ಕು ಇನ್ನೊಬ್ಬರ ಅಂಗಳ ದಾಟಿದರೂ ಜಗಳವಾಗುವಂಥ ಸಂಬಂಧ. ಈಗ ಎರಡನ್ನೂ ಸೇರಿಸಿ ಒಂದು ಮಾಡಿದ್ದಾರೆ, ಬಾಲಕ್ಕೆ ಯಾವುದೋ ನೀಲಿ ಬಳಿದಿದ್ದಾರೆ, ಆ ಜಗಳದ ರುಚಿ ಈಗಿನವರಿಗೆ ಗೊತ್ತಿಲ್ಲ.

ಈ ಪೈಪೋಟಿ ಡಬ್ಬಿಯನ್ನೂ ಬಿಡಲಿಲ್ಲ. ಸಾಮಾನಿನ ಜೊತೆ ಕೆಳಗೆ ಹಾಕಿದರೆ ಕಣ್ಣು ಕೆಡುತ್ತದೆ, ತೊಡೆಯ ಮೇಲಿಟ್ಟುಕೊಳ್ಳಲು ನಿಯಮ ಬಿಡುವುದಿಲ್ಲ. ಹಸಿರು ಬಾಲದ ಹಿರಿಯ ಪರಿಚಾರಕಿಯೊಬ್ಬಳಿದ್ದಳು, ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವಳು ನಿಯಮವನ್ನು ಅತ್ತ ಸರಿಸಿ, "ಬಾ ಮಗಳೇ, ಅದೂ ಯಾರದೋ ಜೀವದ ತುಣುಕು ತಾನೇ" ಎಂದು ಡಬ್ಬಿಯನ್ನು ಕಿಟಕಿ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದಳು. ಸುದ್ದಿ ಕೆಂಪಿನವರ ಕಿವಿಗೆ ಬಿತ್ತು. ಅವರು ಸುಮ್ಮನಿರುತ್ತಾರೆಯೇ? ನಾವು ಡಬ್ಬಿಗೆ ಪುಕ್ಕಟೆ ಟಿಕೆಟ್ಟನ್ನೇ ಕೊಡುತ್ತೇವೆ ಎಂದರು. ಟಿಕೆಟ್ಟಿಗೆ ಹೆಸರು ಬೇಕಲ್ಲ, ಕೌಂಟರಿನ ಗುಮಾಸ್ತ ತಲೆ ಕೆರೆದುಕೊಂಡು 'ಜೊತೆಯವರು' ಎಂದು ಹಾಕಿದ. ಅಂದಿನಿಂದ ಕೆಂಪು ಬಾಲದಲ್ಲಿ ಪ್ರಯಾಣಿಕರ ತಲೆ ಎಣಿಸುವಾಗ ಡಬ್ಬಿಯನ್ನೂ ಒಂದು ತಲೆಯೆಂದು ಎಣಿಸುವುದು ರೂಢಿಯಾಯಿತು. ಡಬ್ಬಿಯಕ್ಕ ಇದನ್ನು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಆ ನಗು ಬಹಳ ದಿನ ಉಳಿಯಲಿಲ್ಲ.

ಒಂದು ಮಧ್ಯಾಹ್ನ ಕೆಂಪು ಬಾಲದಲ್ಲಿ ಹೋಗುತ್ತಿದ್ದಾಗ ಹೊಸ ಪರಿಚಾರಕಿಯೊಬ್ಬಳು ಬಗ್ಗಿ ಕಿವಿಯಲ್ಲಿ ಕೇಳಿದಳು. "ಮೇಡಂ, ನಿಮ್ಮ ಜೊತೆಯವರಿಗೆ ಹುಷಾರಿಲ್ವಾ? ಕಿಟಕಿ ಪಕ್ಕದಲ್ಲೇ ಕೂತಿದಾರೆ, ಆದ್ರೂ ಹೊರಗೆ ಏನು ಕಾಣ್ತಿದೆ ಅಂತ ನನ್ನ ಕೇಳ್ತಾರಲ್ಲ."

"ಯಾರು ಕೇಳಿದ್ದು?"

"ಇವ್ರೇ, ಬಿಳೀ ಅಂಗಿಯ ಅಜ್ಜ..." ಎಂದು ಆ ಕಡೆ ತಿರುಗಿದವಳಿಗೆ ಬೆಲ್ಟು ಕಟ್ಟಿಸಿಕೊಂಡು ಕೂತ ಡಬ್ಬಿ ಕಂಡಿತು. ಪರದೆಯ ಹಿಂದೆ ಹೋದವಳು ವಿಮಾನ ಇಳಿಯುವವರೆಗೆ ಹೊರಗೆ ಬರಲಿಲ್ಲ. ಆ ಬೆಳಿಗ್ಗೆ ಕಣ್ಣು ಕೊಟ್ಟಿದ್ದು ನಿವೃತ್ತ ಹೆಡ್‌ಮಾಸ್ತರರು. ರೆಪ್ಪೆ ಮುಚ್ಚಿದ್ದು ಡಬ್ಬಿಯಕ್ಕನೇ, ಅಂಗಿ ಬಿಳಿಯದೇ.

ಹಸಿರು ಬಾಲದಲ್ಲಿ ಹೀಗೆ ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಅಲ್ಲಿ ದೊಡ್ಡಮ್ಮ ಎರಡು ಲೋಟ ಕಾಫಿ ತಂದಿಡುತ್ತಿದ್ದಳು, ಅಷ್ಟೆ. "ನಂಗೆ ಒಂದು ಸಾಕು ದೊಡ್ಡಮ್ಮಾ" ಎಂದರೆ, "ನಿಂಗೆ ಒಂದೇ ಸಾಕು ಅಂತ ಗೊತ್ತು" ಎಂದು ಎರಡನೆಯ ಲೋಟವನ್ನು ಡಬ್ಬಿಯ ಮುಂದಿಟ್ಟು ಹೋಗುವಳು. ಡಬ್ಬಿಯಕ್ಕನ ಕಣ್ಣಿಗೆ ಮಾತ್ರ ಏನೂ ಬೀಳುತ್ತಿರಲಿಲ್ಲ. ಆದರೆ ವಿಮಾನ ಇಳಿದ ಮೇಲೆ ಅವಳು ಡಬ್ಬಿ ಎತ್ತಿಕೊಂಡರೆ, ಆ ಸೀಟಿನ ಕುಶನ್ನು ಮೆಲ್ಲಗೆ, ಬಹಳ ಮೆಲ್ಲಗೆ ಮೇಲಕ್ಕೆ ಬರುತ್ತಿತ್ತು. ಡಬ್ಬಿಯ ಭಾರಕ್ಕೆ ಅಷ್ಟು ತಗ್ಗುವ ಕುಶನ್ನಲ್ಲ ಅದು. ಕೈ ಇಟ್ಟು ನೋಡಿದರೆ ಬೆಚ್ಚಗೆ ಇರುತ್ತಿತ್ತು. ಐಸು ತುಂಬಿದ ಡಬ್ಬಿ ಕೂತೆದ್ದ ಜಾಗ ಬೆಚ್ಚಗೆ! ಆಮೇಲಾಮೇಲೆ ಅವಳು ದಾರಿಯುದ್ದಕ್ಕೂ ಆ ಕಡೆ ತಿರುಗದೆ, ಕತ್ತು ಸೆಟೆದುಕೊಂಡು, ಇವತ್ತು ಯಾರೂ ಬರದಿರಲಪ್ಪಾ ಎಂದು ಬೇಡಿಕೊಳ್ಳುತ್ತ ಕೂರುವುದನ್ನು ಕಲಿತಳು.

ಇದನ್ನೆಲ್ಲ ಅವಳು ಹೇಳಿಕೊಂಡದ್ದು ತಮ್ಮನ ಬಳಿ ಮಾತ್ರ. ತಮ್ಮ ಕೆಂಪು ಬಾಲದಲ್ಲಿ ಮೆಕ್ಯಾನಿಕ್ಕು. ಅಪ್ಪ ಅಮ್ಮ ಬೇಗ ಹೋಗಿದ್ದರಿಂದ ಅವನ ಹಾಲುಹಲ್ಲು ಕಿತ್ತದ್ದೂ ಇವಳೇ, ಮೀಸೆ ಬಂದಾಗ ರೇಜರು ಕೊಡಿಸಿದ್ದೂ ಇವಳೇ. ಇಬ್ಬರೂ ಮದುವೆಯ ಗೋಜಿಗೆ ಹೋಗದೆ ಎರಡು ಕೋಣೆಯ ಮನೆಯಲ್ಲಿ ದಿನ ಬೆಳಗಾದರೆ ವಿಮಾನದ ಮೇಲೆ ಜಗಳ ಕಾಯುತ್ತಿದ್ದರು. ಅಕ್ಕನಿಗೆ ದೊಡ್ಡಮ್ಮನ ಹಸಿರು ಬಾಲವೇ ಇಷ್ಟ. "ಏನಕ್ಕಾ, ನಿಮ್ಮ ಹಸಿರು ಮುದುಕಿ ಇವತ್ತಾದ್ರೂ ಎದ್ದಳಾ?" ಎಂದು ಅವನು ಕಿಚಾಯಿಸಿದರೆ, "ನಿಮ್ಮ ಕೆಂಪಿಗೆ ಅಷ್ಟು ಅವಸರ ಯಾಕೋ, ಹೆರಿಗೆ ನೋವಾ?" ಎಂದು ಇವಳು.

ಜೊತೆಯವರ ವಿಷಯ ಕೇಳಿ ಅವನು ಹೆದರಲಿಲ್ಲ. "ಟಿಕೆಟ್ ಕೊಟ್ಟು ಕರೆದ್ಮೇಲೆ ಬರದೆ ಇರ್ತಾರಾ?" ಎಂದು ನಕ್ಕ. ಆಮೇಲೆ, "ನನ್ನನ್ನ ಯಾವಾಗ ಕರ್ಕೊಂಡು ಹೋಗ್ತೀಯ? ದಿನಾ ವಿಮಾನದ ಹೊಟ್ಟೆ ಕೆಳಗೆ ಮಲಗೋದೇ ಆಯ್ತು. ಒಂದ್ಸಲ ನಿನ್ನ ಪಕ್ಕ ಕೂತು ಹೋಗ್ಬೇಕು" ಎಂದ.

"ಪಕ್ಕದ ಸೀಟು ಡಬ್ಬಿದು ಕಣೋ. ನೋಡೋಣ."

ನೋಡೋಣ ನೋಡೋಣ ಎನ್ನುತ್ತಲೇ ವರ್ಷಗಳು ಉರುಳಿದವು. ಒಂದು ಬೆಳಿಗ್ಗೆ ವಿಮಾನದ ಚಕ್ರ ಬಿಚ್ಚುತ್ತಿದ್ದವನು ಎದೆ ಹಿಡಿದುಕೊಂಡು ಅಲ್ಲೇ ಕೂತ. ಕೂತವನು ಏಳಲಿಲ್ಲ.

ಕಣ್ಣು ಕೊಡಬೇಕೆಂದು ಅವನು ಮೊದಲೇ ಹೇಳಿದ್ದ. ನೇತ್ರ ಬ್ಯಾಂಕಿನ ಡಾಕ್ಟರು, "ನೀವು ಬೇಡ, ಬೇರೆ ಯಾರನ್ನಾದ್ರೂ ಕಳಿಸ್ತೀನಿ" ಎಂದರು. ಡಬ್ಬಿಯಕ್ಕ ಕೇಳಲಿಲ್ಲ. ಅವನ ಗೆಳೆಯರನ್ನು ಅವನ ಬಳಿ ಕೂರಿಸಿ, ಸಂಜೆಯೊಳಗೆ ಬರುತ್ತೇನೆಂದು ಡಬ್ಬಿ ಎತ್ತಿಕೊಂಡು ಹೊರಟಳು. ಯಾವುದಕ್ಕೆ ಇಷ್ಟು ವರ್ಷ ಹೆದರಿ ಸಾಯುತ್ತಿದ್ದಳೋ ಅದೇ ಇವತ್ತು ಬೇಕಿತ್ತು. ಅವನು ಬರಬೇಕು, ಪಕ್ಕದಲ್ಲಿ ಕೂರಬೇಕು. ಕಾಣದಿದ್ದರೂ ಸರಿ, ಕುಶನ್ನು ಬೆಚ್ಚಗಾದರೆ ಸಾಕು. ಅದಕ್ಕೇ ಕೆಂಪು ಬಾಲದಲ್ಲೇ ಎರಡು ಸೀಟು ಕಾಯ್ದಿರಿಸಿದ್ದಳು. ಅದು ಅವನ ವಿಮಾನ, ಬರದೆ ಎಲ್ಲಿಗೆ ಹೋಗುತ್ತಾನೆ?

ನಿಲ್ದಾಣಕ್ಕೆ ಕಾಲಿಟ್ಟಾಗ ದೊಡ್ಡಾಸ್ಪತ್ರೆಯಿಂದ ಫೋನು ಬಂದಿತ್ತು. ಅಲ್ಲೊಬ್ಬ ಹೊಲಿಗೆಯ ಹೆಂಗಸಿನ ಕಣ್ಣಿನ ಕಾರ್ನಿಯಾ ತೂತುಬಿದ್ದಿದೆ, ಆಗಲೇ ಆಪರೇಷನ್ ಕೋಣೆಗೆ ಒಯ್ದಿದ್ದಾರೆ, ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು. ಬೆಳಿಗ್ಗೆಯೇ ಹೋಗಬೇಕಾಗಿದ್ದ ಹಸಿರು ಬಾಲ ಎಂದಿನಂತೆ ತಡವಾಗಿ, ಈಗ ಬಾಗಿಲು ಹಾಕಲು ನಿಂತಿತ್ತು. ಕೆಂಪು ಬಾಲ ಹೊರಡುವುದು ಇನ್ನೂ ಒಂದು ಗಂಟೆ ಕಳೆದ ಮೇಲೆ. ಡಬ್ಬಿಯಕ್ಕ ನಡುವೆ ನಿಂತಳು. ಒಂದು ಕಡೆ ಕಂಡರಿಯದ ಹೆಂಗಸು, ಇನ್ನೊಂದು ಕಡೆ ತಮ್ಮ. ಒಂದು ಗಂಟೆ ತಾನೇ ಎಂದು ಮನಸ್ಸು ಕೂಗಿತು. ಆದರೆ ಇಷ್ಟು ವರ್ಷ ಯಾರ ತಮ್ಮನಿಗೂ, ಯಾರ ಅಪ್ಪನಿಗೂ ಅವಳು ಒಂದು ಗಂಟೆ ಕೊಟ್ಟವಳಲ್ಲ. ಕೆಂಪಿನ ಟಿಕೆಟ್ಟು ವಾಪಸು ಮಾಡುವ ವ್ಯವಧಾನವೂ ಇಲ್ಲದೆ ಹಸಿರು ಬಾಲ ಹತ್ತಿದಳು.

ಡಬ್ಬಿಗೆ ಬೆಲ್ಟು ಕಟ್ಟಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಕಿಟಕಿಯ ಕಡೆಗೇ ತಿರುಗಿ ಕೂತಳು. ವಿಮಾನ ಮೇಲೇರಿತು. ದೊಡ್ಡಮ್ಮ ಕಾಫಿ ತಂದಳು. ಒಂದೇ ಲೋಟ.

"ಇದೇನು ಮಗಳೇ, ಇವತ್ತು ಒಬ್ಬಳೇ ಬಂದ್ಯಾ?"

"ಇದು ನನ್ನ ತಮ್ಮ ದೊಡ್ಡಮ್ಮಾ."

ದೊಡ್ಡಮ್ಮ ಟ್ರೇ ಕೆಳಗಿಟ್ಟಳು. ಆ ಸೀಟನ್ನು ಬಹಳ ಹೊತ್ತು ನೋಡಿದಳು. ಬಗ್ಗಿ ಕುಶನ್ನಿನ ಮೇಲೆ ಅಂಗೈ ಇಟ್ಟಳು. ಯಾರಿಗೂ ಕೇಳದ ಹಾಗೆ, "ಇಲ್ಲಿಲ್ಲ ಮಗಳೇ" ಎಂದಳು.

ಡಬ್ಬಿಯಕ್ಕ ತಾನೂ ಕೈ ಇಟ್ಟಳು. ಐಸಿನ ತಂಪು, ಅಷ್ಟೆ. ಊರವರೆಲ್ಲ ಬಂದು ಕೂತೆದ್ದುಹೋದ ಸೀಟಿನಲ್ಲಿ ಒಡಹುಟ್ಟಿದವನು ಇರಲಿಲ್ಲ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ದಾರಿಯುದ್ದಕ್ಕೂ ಅತ್ತಳು.

ಇಳಿದ ತಕ್ಷಣ ಆಸ್ಪತ್ರೆಯ ಡ್ರೈವರು ಓಡಿಬಂದು ಡಬ್ಬಿ ಇಸಿದುಕೊಂಡ. "ಸರಿಯಾದ ಹೊತ್ತಿಗೆ ತಂದ್ರಿ ಅಕ್ಕಾ" ಎಂದು ಗಾಡಿ ಓಡಿಸಿದ. ಅವಳ ಕೆಲಸ ಅಲ್ಲಿಗೆ ಮುಗಿಯಿತು. ಆದರೂ ಕಾಲು ಏಳಲಿಲ್ಲ. ಬರುವವರ ಬಾಗಿಲ ಬಳಿ, ಯಾರನ್ನೂ ಕಾಯದವಳಂತೆ, ಬರಿಗೈಯಲ್ಲಿ ನಿಂತಳು. ಸರಿಯಾಗಿ ಒಂದು ಗಂಟೆ ಕಳೆದ ಮೇಲೆ ಕೆಂಪು ಬಾಲ ಬಂದಿಳಿಯಿತು. ಪೆಟ್ಟಿಗೆ ಎಳೆಯುತ್ತ, ಮಕ್ಕಳನ್ನು ಗದರಿಸುತ್ತ ಜನ ಹೊರಗೆ ಬಂದರು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಾಗಿಲು ಬರಿದಾಯಿತು.

ಕೊನೆಗೆ ಬಂದದ್ದು ಕೆಂಪು ಬಾಲದ ಪರಿಚಾರಕಿ, ಕೆಲಸಕ್ಕೆ ಸೇರಿ ತಿಂಗಳೂ ಆಗಿರದ ಹುಡುಗಿ. ಇವಳನ್ನು ಕಂಡು ನೇರವಾಗಿ ಬಂದಳು.

"ನೀವು ಡಬ್ಬಿಯಕ್ಕ ಅಲ್ವಾ? ನಮ್ಮಲ್ಲಿ ನಿಮ್ಮ ಸೀಟಿತ್ತು, ನೀವು ಬರ್ಲಿಲ್ಲ. ಆದ್ರೆ ನಿಮ್ಮ ಜೊತೆಯವರು ಬಂದ್ರು."

"ಯಾರು? ಹೇಗಿದ್ದ?"

"ಮೆಕ್ಯಾನಿಕ್ ಬಟ್ಟೆ, ಕೈಯೆಲ್ಲ ಗ್ರೀಸು. ವಿಮಾನ ತುಂಬಿತ್ತು, ನಿಮ್ಮ ಸೀಟಲ್ಲಿ ಬೇರೆಯವರನ್ನ ಕೂರಿಸೋಣ ಅಂತ ಹೋದೆ. ಸೀಟಿನ ಮೇಲೆ ಕೈ ಇಟ್ಕೊಂಡು ಬಿಡ್ಲೇ ಇಲ್ಲ. ಅಕ್ಕ ಬರ್ತಾಳೆ, ಅಕ್ಕ ಬರ್ತಾಳೆ ಅಂತ ಅದೊಂದೇ ಮಾತು. ಬಾಗಿಲು ಹಾಕಿದ್ಮೇಲೂ ಅದೇ. ಈಗ ಎಲ್ಲರೂ ಇಳಿದ್ರು, ಅವರು ಮಾತ್ರ ಏಳ್ತಾ ಇಲ್ಲ. ಯಾರಿಗೆ ಹೇಳ್ಲಿ ಅಕ್ಕಾ? ಉಳಿದವರಿಗೆ ಅಲ್ಲಿ ಯಾರೂ ಕಾಣ್ತಾನೇ ಇಲ್ಲ."

"ಅದೇ ವಿಮಾನ ವಾಪಸ್ ಹೋಗುತ್ತಾ?"

"ಇನ್ನೇನು ಹೊರಡುತ್ತೆ."

ಡಬ್ಬಿಯಕ್ಕ ಓಡಿದಳು. ಐವತ್ತು ದಾಟಿದ ಹೆಂಗಸು, ಚಪ್ಪಲಿ ಒಂದು ಕಡೆ, ಸೆರಗು ಒಂದು ಕಡೆ. ಕೆಂಪು ಬಾಲದ ಕೌಂಟರಿನ ಕಟ್ಟೆ ಹಿಡಿದು ಏದುಸಿರು ಬಿಡುತ್ತ ಒಂದು ಟಿಕೆಟ್ಟು ಕೇಳಿದಳು. ಗುಮಾಸ್ತನಿಗೆ ಅವಳ ಕೈ ಖಾಲಿ ಇರುವುದು ಕಂಡಿತು.

"ಡಬ್ಬಿ ಇಲ್ವಲ್ಲ ಅಕ್ಕಾ, ಇವತ್ತು ನೀವೇ ಕಿಟಕಿ ಪಕ್ಕ ಕೂತ್ಕೊಳ್ಳಿ. ಆ ಸೀಟು ಖಾಲಿ ಇದೆ."

"ಖಾಲಿ ಇಲ್ಲಪ್ಪ" ಎಂದಳು ಡಬ್ಬಿಯಕ್ಕ. "ಅದರ ಪಕ್ಕದ್ದು ಕೊಡು. ನನ್ನ ತಮ್ಮ ನನಗೆ ಅಂತ ಹಿಡ್ಕೊಂಡು ಕೂತಿದಾನೆ."