ಒತ್ತಿಕೊಂಡೇ ಉಳಿದ ಆಲ್ಟ್ ಕೀ

ಹೆಂಡತಿಗೆ ಪರೀಕ್ಷೆ ಇದ್ದ ದಿನ ಬೆಳಿಗ್ಗೆ ನಾನು ಇಂಡಸ್ಟ್ರಿಯಲ್ ಏರಿಯಾದ ಗೋದಾಮಿನಲ್ಲಿ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ಕೂತಿದ್ದೆ ಅನ್ನುವುದೂ ಪೂರ್ತಿ ನಿಜವಲ್ಲ. ಒಂದು ಸ್ಕ್ರೂ ಬಿಚ್ಚುವುದು, ಎದ್ದು ಫೋನ್ ನೋಡುವುದು, ಬಾಗಿಲ ತನಕ ಹೋಗಿ ವಾಪಸು ಬರುವುದು. ಹೊರಗೆ ಹಿಂದಕ್ಕೆ ಬರುವ ಟ್ರೇಲರ್‌ಗಳ ಪೀಂ ಪೀಂ, ಒಳಗೆ ಎಸಿಯ ಗರಗರ. ಪರೀಕ್ಷೆ ಅವಳದು, ಚಡಪಡಿಕೆ ನನ್ನದು.

ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿನಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ವಿವರ ಟೈಪ್ ಮಾಡುವ ಕೆಲಸಕ್ಕೆ ಆ ಪರೀಕ್ಷೆ. ಮದುವೆಗೆ ಮುಂಚೆ ಅವಳು ಪುತ್ತೂರಿನಲ್ಲಿ ಸಹಕಾರಿ ಬ್ಯಾಂಕೊಂದರ ಕೌಂಟರಿನಲ್ಲಿದ್ದಳು. ಕೀಬೋರ್ಡಿನ ಕಡೆ ಕಣ್ಣು ಹಾಕದೆ ಟೈಪ್ ಮಾಡುತ್ತಿದ್ದಳಂತೆ. ಇಲ್ಲಿ ಗಲ್ಫಿಗೆ ಬಂದ ಮೇಲೆ ಅಡುಗೆ, ಮಗಳ ಶಾಲೆ, ಮತ್ತೆ ಅಡುಗೆ. ಎಲ್ಲೆಲ್ಲೋ ಅರ್ಜಿ ಹಾಕಿದಳು. ಗಲ್ಫ್ ಅನುಭವ ಇಲ್ಲ ಎಂಬ ಒಂದೇ ಉತ್ತರ. ಈ ಕ್ಲಿನಿಕ್ಕಿನವರು ಮಾತ್ರ ಅನುಭವ ಕೇಳದೆ ಪರೀಕ್ಷೆಗೆ ಕರೆದರು.

"ಇದೂ ಹೋದ್ರೆ ನಾನು ಇನ್ನು ಅರ್ಜಿ ಹಾಕುದಿಲ್ಲ ಮಾರಾಯ್ರೇ" ಎಂದು ಹಿಂದಿನ ದಿನ ಚಪಾತಿ ಲಟ್ಟಿಸುತ್ತ ಹೇಳಿದ್ದಳು. ಅವಳು ಅಂಥ ಮಾತು ಸುಮ್ಮನೆ ಆಡುವವಳಲ್ಲ. ಅವಳ ತುಳು ನನಗೆ ಬಾರದು, ನನ್ನ ಕುಂದಾಪುರದ ಮಾತು ಕೇಳಿದರೆ ಅವಳಿಗೆ ನಗು. ಹಾಗಾಗಿ ನಮ್ಮ ಮನೆಯ ಪ್ರೀತಿ, ಜಗಳ ಎರಡೂ ಮಂಗಳೂರು ಕಡೆಯ ಕನ್ನಡದಲ್ಲೇ ನಡೆಯುತ್ತವೆ.

ಪರೀಕ್ಷೆಯನ್ನು ಮನೆಯಿಂದಲೇ ಬರೆಯಬೇಕಿತ್ತು. ನಮ್ಮ ಲ್ಯಾಪ್‌ಟಾಪಿನ ಮೂಲಕ ಎಲ್ಲೋ ಇರುವ ಇನ್ನೊಂದು ಕಂಪ್ಯೂಟರಿನೊಳಗೆ ಹೋಗಿ, ಅದರ ಪರದೆಯನ್ನು ಇಲ್ಲಿ ನೋಡುತ್ತ ಟೈಪ್ ಮಾಡುವುದು. ರಿಮೋಟ್ ಡೆಸ್ಕ್‌ಟಾಪ್ ಎನ್ನುತ್ತೇವೆ. ಕಂಪೆನಿಯವರ ಕಂಪ್ಯೂಟರುಗಳನ್ನು ಹೀಗೇ ದೂರದಿಂದ ಸರಿ ಮಾಡುವುದು ನನ್ನ ಕೆಲಸ, ನನ್ನ ಅನ್ನ ಇರುವುದು ಇದರಲ್ಲೇ. ಇಂಗ್ಲಿಷ್ ಒತ್ತಿದರೆ ಅರೇಬಿಕ್ ಬರುವುದು, ಒಂದು ಚಿಹ್ನೆ ಒತ್ತಿದರೆ ಇನ್ನೊಂದು ಬರುವುದು, ಏನು ಒತ್ತಿದರೂ ಏನೂ ಬಾರದಿರುವುದು, ಎಲ್ಲವನ್ನೂ ಕಂಡವನು ನಾನು. ಯಾರು ಫೋನ್ ಮಾಡಿದರೂ ನನ್ನ ಮೊದಲ ಪ್ರಶ್ನೆ, "ಏನು ಮುಟ್ಟಿದಿರಿ?" ಉತ್ತರ ಕೇಳುವಷ್ಟು ತಾಳ್ಮೆ ಮಾತ್ರ ನನಗಿಲ್ಲ. ಕೈ ತೆಗೆಯಿರಿ ಅಂದು ಕೂತಲ್ಲಿಂದಲೇ ಅವರ ಕಂಪ್ಯೂಟರಿಗೆ ನುಗ್ಗಿ, ಮೌಸ್ ಕಿತ್ತುಕೊಂಡು, ಸರಿ ಮಾಡಿ ಹೊರಟುಬಿಡುವುದು ನಮ್ಮ ಕಸುಬಿನವರ ಪದ್ಧತಿ. ಏನು ಕೆಟ್ಟಿತ್ತು, ಹೇಗೆ ಸರಿಯಾಯಿತು ಎಂದು ಅವರಿಗೆ ತಿಳಿಯುವುದಿಲ್ಲ. ಮರುದಿನ ಮತ್ತೆ ಫೋನ್.

ಹೀಗೆ ದೂರದಿಂದ ನುಗ್ಗುವ ಸಾಫ್ಟ್‌ವೇರನ್ನು ಮನೆಯ ಲ್ಯಾಪ್‌ಟಾಪಿಗೂ ಹಾಕಿಟ್ಟಿದ್ದೆ. ಹೆಂಡತಿ ಏನಾದರೂ ಕೇಳಿದರೆ ಆಫೀಸಿನಿಂದಲೇ ಒಳಗೆ ಹೋಗುತ್ತಿದ್ದೆ. ಅವಳು ಕೈ ಮಡಿಲಲ್ಲಿಟ್ಟುಕೊಂಡು, ಪರದೆಯ ಮೇಲೆ ಮೌಸಿನ ಬಾಣ ಓಡಾಡುವುದನ್ನು ನೋಡುತ್ತಿದ್ದಳು.

ಪರೀಕ್ಷೆಗೆ ಮುಂಚೆ ಎಲ್ಲ ಸರಿಯಿದೆಯೇ ಎಂದು ನೋಡಿಕೊಳ್ಳಲು ಅರ್ಧ ಗಂಟೆ ಕೊಟ್ಟಿದ್ದರು. ಆಗ ಅವಳ ಫೋನ್ ಬಂತು.

"ಅಕ್ಷರವೇ ಬರುದಿಲ್ಲ. ಒಂದು ಒತ್ತಿದ್ರೆ ಎಂತೆಂತದೋ ತೆರೀತದೆ."

"ಎಂತ ಮುಟ್ಟಿದೆ?"

"ಎಂತದೂ ಮುಟ್ಲಿಲ್ಲ."

ಎಲ್ಲರೂ ಹೇಳುವುದು ಹೀಗೇ. ಮೂಲೆಯಲ್ಲಿ ಭಾಷೆ ಯಾವುದಿದೆ ನೋಡು ಅಂದೆ. ಇಂಗ್ಲಿಷೇ ಉಂಟು ಅಂದಳು. ಮುಚ್ಚಿ ಮತ್ತೆ ತೆರೆ ಅಂದೆ. ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲವೆಂದು ಬರೆದಿದ್ದಾರೆ ಅಂದಳು. ಅಷ್ಟರಲ್ಲಿ ಗೋದಾಮಿನ ಸ್ಟೋರ್‌ಕೀಪರ್, ಉಳ್ಳಾಲ ಕಡೆಯ ಬ್ಯಾರಿ, ಬಾಗಿಲಲ್ಲಿ ತಲೆ ಹಾಕಿದರು. "ಎಂತ ಸರ್, ಪ್ರಿಂಟರ್ ಆಯ್ತಾ? ಲಾರಿ ಕಾಯ್ತಾ ಉಂಟು. ಯಲ್ಲಾ, ಯಲ್ಲಾ, ಬೇಗ." ನಾನು ಅವರ ಮುಖ ಕೂಡ ನೋಡದೆ ಕೈ ಬೀಸಿದೆ.

"ನೀನು ಕೈ ತೆಗೆ. ನಾನು ಒಳಗೆ ಬರ್ತೇನೆ" ಅಂದೆ ಫೋನಿಗೆ.

"ಬೇಡ."

"ಎಂತ ಬೇಡ? ಟೈಮ್ ಉಂಟಾ ಈಗ?"

"ಬೇರೆಯವರು ಒಳಗೆ ಬಂದದ್ದು ಕಂಡ್ರೆ ಪರೀಕ್ಷೆ ಕ್ಯಾನ್ಸಲ್ ಅಂತೆ. ನೀವು ಬಾಯಲ್ಲಿ ಹೇಳಿ, ನಾನು ಮಾಡ್ತೇನೆ."

ಬಾಯಲ್ಲಿ ಹೇಳುವುದು! ಕಾಣದ ಪರದೆಯನ್ನು ಬಾಯಲ್ಲಿ ರಿಪೇರಿ ಮಾಡಬೇಕು. ನನಗೆ ರೇಗಿತು. ಗೋದಾಮಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. ಕೈಯೆಲ್ಲ ಪ್ರಿಂಟರಿನ ಮಸಿ, ಅದೇ ಕೈಯಲ್ಲಿ ಹಣೆ ಒರೆಸಿಕೊಂಡೆ.

"ಕೂಗಿ ಆಯ್ತಾ?" ಎಂದಳು ಆಮೇಲೆ. "ಈಗ ಕೇಳಿ. ಮೇಲಿನ ಸಾಲಲ್ಲಿ ಒಂದೊಂದು ಅಕ್ಷರದ ಕೆಳಗೆ ಸಣ್ಣ ಗೆರೆ ಉಂಟು. ಎಫ್ ಒತ್ತಿದ್ರೆ ಫೈಲ್ ತೆರೀತದೆ. ಇ ಒತ್ತಿದ್ರೆ ಎಡಿಟ್ ತೆರೀತದೆ. ಟೈಪ್ ಮಾಡುವ ಜಾಗದಲ್ಲಿ ಒಂದಕ್ಷರ ಬೀಳುದಿಲ್ಲ."

ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ. ಹೇಳಲು ನಾನು ಯಾರಿಗೂ ಬಿಟ್ಟಿರಲಿಲ್ಲ. ಆ ಗೆರೆಗಳ ಮಾತು ಕೇಳಿದ್ದೇ ನನಗೆ ರೋಗ ಗೊತ್ತಾಯಿತು. ಆಲ್ಟ್ ಕೀಯನ್ನು ಯಾರೋ ಒತ್ತಿ ಹಿಡಿದಿದ್ದಾರೆ, ಅದಕ್ಕೇ ಅಕ್ಷರದ ಬದಲು ಮೆನು ತೆರೆಯುತ್ತಿದೆ.

"ಆಲ್ಟ್ ಮೇಲೆ ಎಂತದಾದ್ರೂ ಬಿದ್ದಿದೆಯಾ? ಪುಸ್ತಕ, ಪೆನ್ನು?"

"ಎಂತದೂ ಇಲ್ಲ. ಬೆಳಿಗ್ಗೆ ನೀವು ಒಳಗೆ ಬಂದು ಹೋದ ಮೇಲೆ ನಾನು ಇದನ್ನು ಮುಟ್ಟಿದ್ದೇ ಈಗ."

ಒತ್ತಿ ಹಿಡಿದ ಆ ಯಾರೋ ನಾನೇ. ಬೆಳಿಗ್ಗೆ ಇಲ್ಲಿಗೆ ಬಂದವನೇ ಮನಸ್ಸು ತಡೆಯದೆ, ಅವಳಿಗೆ ಹೇಳದೆ, ಎಲ್ಲ ಸರಿಯಿದೆಯೇ ನೋಡೋಣವೆಂದು ಗೋದಾಮಿನ ಕಂಪ್ಯೂಟರಿನಿಂದ ಮನೆಯ ಲ್ಯಾಪ್‌ಟಾಪಿನೊಳಗೆ ಹೋಗಿದ್ದೆ. ಸ್ಟೋರ್‌ಕೀಪರ್ ಕರೆದರೆಂದು ಅವಸರದಲ್ಲಿ ಆಲ್ಟ್, ಟ್ಯಾಬ್ ಒತ್ತಿ ಬೇರೆ ವಿಂಡೋಗೆ ಹಾರಿದಾಗಲೇ ನೆಟ್ ಕಡಿದುಹೋಗಿತ್ತು. ನಾನು ಕೀ ಒತ್ತಿದ್ದು ಮನೆಗೆ ತಲುಪಿತ್ತು, ಬೆರಳು ತೆಗೆದದ್ದು ತಲುಪಿರಲಿಲ್ಲ. ಆಗಿನಿಂದ ಆ ಲ್ಯಾಪ್‌ಟಾಪು ಯಾರೋ ಆಲ್ಟ್ ಹಿಡಿದೇ ಇದ್ದಾರೆ ಎಂದು ನಂಬಿಕೊಂಡಿತ್ತು. ಹೇಳದೆ ಹೋಗಿದ್ದೆನಾದರೂ ಚಹಾ ಕುಡಿಯುತ್ತಿದ್ದ ಅವಳು ಬಾಣ ಅಲ್ಲಾಡಿದ್ದನ್ನು ಕಂಡಿದ್ದಳು.

"ಎಡಗಡೆಯ ಆಲ್ಟ್ ಒಮ್ಮೆ ಒತ್ತಿ ಬಿಡು. ಬಲಗಡೆಯದ್ದೂ ಒತ್ತಿ ಬಿಡು" ಅಂದೆ. ನನ್ನ ಸ್ವರ ನನಗೇ ಕೇಳಿಸದಷ್ಟು ಸಣ್ಣಗಾಗಿತ್ತು.

ಎರಡು ಕೀ ಒತ್ತಿದ ಸದ್ದು ಕೇಳಿತು. ಆಮೇಲೆ ಟಕಟಕ ಎಂದು ಸದ್ದು ಶುರುವಾಯಿತು. ಅವಳು ಅಷ್ಟು ವೇಗವಾಗಿ ಟೈಪ್ ಮಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನನ್ನ ಎದುರು ಅವಳು ಟೈಪ್ ಮಾಡಿದ್ದೇ ಇಲ್ಲವಲ್ಲ. "ಬಂತು, ಇಡ್ತೇನೆ" ಎಂದು ಫೋನ್ ಕಡಿದಳು.

ಆ ಮೇಲಿನ ಹೊತ್ತು ನಾನು ಪ್ರಿಂಟರಿನ ರೋಲರನ್ನು ಉಲ್ಟಾ ಹಾಕಿ, ತೆಗೆದು, ಮತ್ತೆ ಉಲ್ಟಾ ಹಾಕಿದೆ. ಒಳಗೆ ಹೋಗಿ ಒಮ್ಮೆ ನೋಡಿಬರೋಣ ಎಂದು ಕೈ ತುರಿಸುತ್ತಿತ್ತು. ಸ್ಟೋರ್‌ಕೀಪರ್ ಗಟ್ಟಿ ಹಾಲಿನ ಕರಕ್ ಚಹಾ ತಂದುಕೊಟ್ಟು, "ಪ್ರಿಂಟರ್ ಬಿಡಿ ಸರ್, ನೀವು ಸರಿ ಉಂಟಾ?" ಎಂದು ಕೇಳಿದರು. ಸರಿ ಇಲ್ಲ ಅಂದೆ.

ಸಂಜೆ ಮನೆಗೆ ಹೋದವನೇ ಆ ಆಲ್ಟ್ ನಾನೇ ಒತ್ತಿದ್ದು ಎಂದೆ. "ಗೊತ್ತು" ಎಂದಳು. ಲ್ಯಾಪ್‌ಟಾಪಿನಿಂದ ನನ್ನ ಸಾಫ್ಟ್‌ವೇರನ್ನು ಆಗಲೇ ಕಿತ್ತು ಹಾಕಿದ್ದಳು. ಅದನ್ನು ತೆಗೆಯಲು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೆಲಸ ಸಿಕ್ಕಿತು. ಅವಳು ಕ್ಲಿನಿಕ್ಕಿಗೆ ಹೋದ ಮೊದಲ ದಿನ ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿಟ್ಟುಕೊಂಡು ಕಾದೆ. ಊಟದ ಹೊತ್ತಿಗೆ ಕರೆಯಬಹುದು ಅಂದುಕೊಂಡೆ. ಕರೆಯಲಿಲ್ಲ. ರಾತ್ರಿ ಬಂಗುಡೆಯ ಮುಳ್ಳು ಬಿಡಿಸಿ ಮಗಳಿಗೆ ಹಾಕುತ್ತಿದ್ದವಳನ್ನು ಕೇಳಿಯೇಬಿಟ್ಟೆ.

"ಕೀಬೋರ್ಡ್ ಎಂತ ತೊಂದರೆ ಕೊಡ್ಲಿಲ್ವಾ?"

"ಕೊಟ್ಟಿತು. ನಂಬರ್ ಬೀಳ್ತಾ ಇರ್ಲಿಲ್ಲ. ಸ್ವಲ್ಪ ಹುಡುಕಿದೆ, ಸರಿ ಆಯ್ತು."

"ನಂಗೆ ಫೋನ್ ಮಾಡ್ಬಹುದಿತ್ತಲ್ಲ?"

ನನಗೆ ಹೆಮ್ಮೆಯೂ ಆಗಿತ್ತು, ಎಲ್ಲೋ ಒಂದು ಕಡೆ ನೋವೂ ಆಗಿತ್ತು. ಅವಳು ತಲೆ ಎತ್ತಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಹೇಗೆ ಮಾಡುದು ಮಾರಾಯ್ರೇ," ಎಂದಳು, "ನಾನು ಕೆಲಸದಲ್ಲಿದ್ದೆ."